ಉಪ್ಪಿಲ್ಲದ ಪಾಲು

ಬೆಳಿಗ್ಗೆ ಎದ್ದು ಡಿಕಾಕ್ಷನ್ ಇಳಿಸಿದೆ, ಬಾಲ್ಕನಿಯ ಕರಿಬೇವಿಗೆ ನೀರು ಹಾಕಿದೆ, ಮಗಳ ಮೂತ್ರದಲ್ಲಿ ಪರೀಕ್ಷೆಯ ಪಟ್ಟಿ ಅದ್ದಿ ಬಣ್ಣ ನೋಡಿದೆ, ದೋಸೆಹಿಟ್ಟನ್ನು ಎರಡು ಪಾಲು ಮಾಡಿ ಒಂದಕ್ಕೆ ಮಾತ್ರ ಉಪ್ಪು ಹಾಕಿದೆ, ಒಣಗಿದ ಬಟ್ಟೆ ಮಡಿಸಿಟ್ಟೆ. ಹಳದಿಯಾಗಿಯೇ ಉಳಿಯಬೇಕಾದ ಪಟ್ಟಿ ಇಂದೂ ಹಸಿರಾಯಿತು. ಹಸಿರನ್ನು ಕಂಡರೆ ಕಣ್ಣಿಗೆ ತಂಪು ಎನ್ನುತ್ತೀರಲ್ಲ, ಗೆಳೆಯರೇ, ನನ್ನ ಮನೆಯಲ್ಲಿ ಹಸಿರೆಂದರೆ ಎಂಟು ವರ್ಷದ ಹುಡುಗಿಯ ಮೂತ್ರಪಿಂಡದಿಂದ ಪ್ರೋಟೀನ್ ಸೋರುತ್ತಿದೆ ಎಂದರ್ಥ.

ಇಂಚರಳ ಕಾಯಿಲೆ ಶುರುವಾದದ್ದು ಮೊಣಕಾಲ ಕೆಳಗಿನ ಕೆನ್ನೀಲಿ ಚುಕ್ಕೆಗಳಿಂದ. ಸಣ್ಣ ರಕ್ತನಾಳಗಳ ಉರಿಯೂತವಂತೆ. ಕೀಲು ಊದಿತು, ಹೊಟ್ಟೆ ಹಿಂಡಿತು, ಆಮೇಲೆ ಚುಕ್ಕೆಗಳು ತಾವಾಗಿಯೇ ಮಾಸಿದವು. "ಉಷ್ಣ ಅಷ್ಟೇ, ಎಳನೀರು ಕುಡಿಸು" ಎಂದಿದ್ದ ಬಳಗ ಗೆದ್ದೆವೆಂದು ಬೀಗಿತು. ಚರ್ಮ ಬಿಟ್ಟ ಬೇನೆ ಸದ್ದಿಲ್ಲದೆ ಮೂತ್ರಪಿಂಡಕ್ಕೆ ಇಳಿದಿತ್ತು. ಸೋರಿಕೆ ಈ ವಾರವೂ ನಿಲ್ಲದಿದ್ದರೆ ಸೂಜಿ ಹಾಕಿ ಮೂತ್ರಪಿಂಡದ ಚೂರು ತೆಗೆದು ನೋಡಬೇಕೆಂದಿದ್ದಾರೆ ಡಾಕ್ಟರು.

ಮಧ್ಯಾಹ್ನ, ನಾವಿರುವ ಪರದೇಶದ ಊರು ಸುಬಾಂಗ್ ಜಯಾದಲ್ಲಿ, ನಮ್ಮ ಕನ್ನಡದವರ ಒಟ್ಟೂಟ. ಮಾಂಟ್ ಕಿಯಾರಾದಿಂದ ಬಂದಿದ್ದ ಸರೋಜಕ್ಕ ಇಂಚರಳ ಕೆನ್ನೆ ಹಿಂಡಿ, "ನೋಡ್ರೇ, ಈಗ ಮೈಕೈ ತುಂಬ್ಕೊಂಡು ಎಷ್ಟು ಲಕ್ಷಣವಾಗಿದಾಳೆ! ಮೊದಲು ಕಡ್ಡಿ ಥರ ಇದ್ಳು" ಎಂದರು.

"ಅಕ್ಕಾ, ಅದು ಊತ. ಅವಳಿಗೆ ಉಪ್ಪು ಬೇಡ ಅಂದಿದಾರೆ."

"ಮಗು ಬಾಯಿ ಕಟ್ಟಬೇಡ ಕಣೇ ಸುಮಾ. ಒಂದು ಚೂರಿಗೆ ಏನಾಗತ್ತೆ?" ಎನ್ನುತ್ತಲೇ ಊರಿನಿಂದ ತರಿಸಿದ ಮಿಡಿ ಉಪ್ಪಿನಕಾಯಿ ಅವಳ ತಟ್ಟೆಗೆ ಬಿತ್ತು.

ನಮ್ಮ ಪಂಕ್ತಿಯಲ್ಲಿ ಬೇಡ ಎಂದವರಿಗೆ ಸಂಕೋಚವೆಂದೇ ತೀರ್ಮಾನ. ಅಡ್ಡ ಹಿಡಿದ ಅಂಗೈಯನ್ನು ಸರಿಸಿ ಬಡಿಸಿದರೆ ಅದು ಉಪಚಾರ. ಸಮುದ್ರ ದಾಟಿ ಬಂದರೂ ಇದೊಂದನ್ನು ನಾವು ಜೋಪಾನವಾಗಿ ಕಟ್ಟಿಕೊಂಡು ಬಂದಿದ್ದೇವೆ. ಬಲವಂತವನ್ನು ಪ್ರೀತಿಯೆಂದೂ ಊತವನ್ನು ಪುಷ್ಟಿಯೆಂದೂ ಕರೆಯುವ ಈ ಅಕ್ಕರೆಯ ಎದುರು ತಾಯಿಯೊಬ್ಬಳು ಎಷ್ಟು ಸಲ ನಗಬೇಕು ಹೇಳಿ! ನಾನು ನಗಲಿಲ್ಲ. ಆ ತಟ್ಟೆಯನ್ನು ಎತ್ತಿಕೊಂಡು ಹೋಗಿ, ಎಲ್ಲರೂ ನೋಡುತ್ತಿದ್ದಂತೆ ಕಸದ ಡಬ್ಬಕ್ಕೆ ಸುರಿದೆ.

"ಅನ್ನಾನ ಹೀಗಾ ಎಸೆಯೋದು?" ಯಾರೋ ಗೊಣಗಿದರು.

ಇಂಚರ ಲಂಗ ಮೇಲೆತ್ತಿ, ಹೆಬ್ಬೆರಳಿನಿಂದ ತನ್ನ ಕಣಕಾಲನ್ನು ಒತ್ತಿ ಹಿಡಿದು ಬಿಟ್ಟಳು. ಬಿದ್ದ ಗುಳಿ ಮೇಲೇಳಲಿಲ್ಲ. "ಆಂಟಿ, ನಾಟ್ ಫ್ಯಾಟ್ ಲಾ. ವಾಟರ್" ಎಂದಳು, ಇಲ್ಲಿಯವರ ಇಂಗ್ಲಿಷಿನಲ್ಲಿ.

ಸರೋಜಕ್ಕನ ಕೈಯ ಸೌಟು ಅಲ್ಲೇ ನಿಂತಿತು. ಆಮೇಲೆ ಅವರು ಸಮಾಧಾನ ಹೇಳಲು ಬಂದರು, ನಿಜ. ಆದರೆ ನನ್ನ ಮಾತಿಗೆ ಸಿಗದ ಬೆಲೆ ಮಗುವಿನ ಕಾಲಿನ ಗುಳಿಗೆ ಸಿಕ್ಕಿತಲ್ಲ. ನಂಬಿಸಲು ಅವಳು ಸಭೆಯ ನಡುವೆ ಲಂಗ ಎತ್ತಬೇಕಾಯಿತಲ್ಲ. ಅದನ್ನು ನಾನು ಹೇಗೆ ಮರೆಯಲಿ?

ಸಂಜೆ ದೋಸೆಹಿಟ್ಟಿನ ಉಪ್ಪು ಹಾಕಿದ ಪಾಲನ್ನು ಪಕ್ಕದ ಮನೆಯ ತಮಿಳರಿಗೆ ಕೊಟ್ಟುಬಂದೆ. ಉಳಿದ ಪಾಲಿನಿಂದಲೇ ಮೂವರಿಗೂ ದೋಸೆ ಹುಯ್ದೆ. ನಂಚಿಕೊಳ್ಳಲು ಉಪ್ಪಿಲ್ಲದ ಬೆಣ್ಣೆ, ಬೆಲ್ಲ. ನನ್ನ ಗಂಡ ಒಂದು ತುತ್ತು ಬಾಯಿಗಿಟ್ಟು ನನ್ನ ಮುಖ ನೋಡಿದರು, ಇನ್ನೊಂದು ಹಾಕಿಸಿಕೊಂಡರು. ಮೊದಲು ನಿದ್ದೆಹೋದವಳು ಇಂಚರ. ದಿಂಬಿನ ಅಂಚು ಒತ್ತಿದ ಗೆರೆ ಆ ಲಕ್ಷಣವಾದ ಕೆನ್ನೆಯ ಮೇಲೆ ಹಾಗೇ ಉಳಿದಿತ್ತು.