ಕ್ಲಚ್ಚಿಲ್ಲದ ಗಾಡಿ

ಗುಂಡ್ಲುಪೇಟೆಯ ಶಿವಮಲ್ಲು ಲಾರಿ ಓಡಿಸುವುದನ್ನು ಬಿಟ್ಟ ಮೇಲೆ ಅವನಿಗಿಂತ ಹೆಚ್ಚು ಪಾಡುಪಟ್ಟವಳು ಅವನ ಹೆಂಡತಿ ಸಣ್ಣಮ್ಮ. ತರಕಾರಿ ಲೋಡು ಹೊತ್ತು, ಗಡಿಯಂಚಿನ ಮದ್ದೂರಿನ ಕಾಡು ದಾಟಿ, ಕೇರಳಕ್ಕೆ ಹೋಗಿ ಬರುತ್ತಲೇ ತಲೆ ನೆರೆಸಿಕೊಂಡ ಮನುಷ್ಯ ಅವನು. ಘಾಟಿಯಲ್ಲಿ ಕ್ಲಚ್ ತುಳಿದೂ ತುಳಿದೂ ಎಡಗಾಲಿನ ಮಂಡಿ ಸವೆದುಹೋಯಿತು. ಡಾಕ್ಟರು ಇನ್ನು ಲಾರಿ ಹತ್ತಬೇಡ ಎಂದುಬಿಟ್ಟರು. ಅಂದಿನಿಂದ ಅವನ ಠಿಕಾಣಿ ಅಡುಗೆಮನೆ. ಉರಿ ಜಾಸ್ತಿಯಾಯಿತು, ಸಾರು ತೆಳ್ಳಗಾಯಿತು, ಮಿಕ್ಸಿಯ ಬೇರಿಂಗ್ ಹೋಗಿದೆ! ಮನೆಯನ್ನೇ ಲಾರಿ ಮಾಡಿಕೊಂಡು ಸಣ್ಣಮ್ಮನನ್ನು ಕ್ಲೀನರ್ ಮಾಡಿಬಿಟ್ಟಿದ್ದ.

ಅವಳೋ, ಮದುವೆಯಾದ ಹೊಸದರಲ್ಲಿ ಒಂದೇ ಒಂದು ಆಸೆ ಹೇಳಿಕೊಂಡವಳು: "ಒಂದ್ಸಲ ನನ್ನೂ ಘಾಟಿಗೆ ಕರ್ಕೊಂಡೋಗಿ." ಆಗ ಶಿವಮಲ್ಲು ದಬಾಯಿಸಿದ್ದ: "ಲೋಡ್ ಗಾಡಿಗೆ ಎಂಗಸ್ರನ್ನ ಅತ್ತುಸ್ಕಂಡ್ರೆ ಓನರ್ ಸುಮ್ನೆ ಬುಟ್ಟಾನಾ?" ಆಮೇಲೆ ಅವಳು ಆ ಮಾತು ಎತ್ತಿರಲಿಲ್ಲ.

ಎರಡು ಸಾವಿರದ ಏಳರಲ್ಲಿ ಸಣ್ಣಮ್ಮನ ಅಣ್ಣನ ಮಗ ಮಹದೇವಪ್ರಸಾದ್ ಚಾಮರಾಜನಗರದಲ್ಲಿ ಕಂಪ್ಯೂಟರ್ ಜೋಡಿಸಿಕೊಡುವ ಅಂಗಡಿ ತೆರೆದ. ಅಂಗಡಿಪೂಜೆಗೆ ಹೋದ ಶಿವಮಲ್ಲು, ಪರದೆಯ ಮೇಲೆ ಬೆಟ್ಟದ ರಸ್ತೆಯಲ್ಲಿ ಆಟದ ಕಾರೊಂದು ಓಡುವುದನ್ನು ನೋಡಿ, ಕೊಟ್ಟ ಪ್ರಸಾದವನ್ನು ತಿನ್ನುವುದೂ ಮರೆತು ನಿಂತುಬಿಟ್ಟ.

"ಗುಂಡಿ ಒತ್ತಿ ಗಾಡಿ ಓಡುಸ್ತಾರೇನ್ಲಾ?"

"ಸ್ಟೇರಿಂಗೂ ಸಿಗ್ತದೆ ಮಾವ, ಕಾಲಲ್ಲಿ ತುಳಿಯೋ ಪೆಡಲ್ ಸಮೇತ," ಎಂದ ಪ್ರಸಾದ್, ಮೇಲಿದ್ದ ಹೊಸ ಡಬ್ಬಿ ತೋರಿಸುತ್ತ.

ಮುಗಿಯಿತು. ಊರಿಗೆ ಬಂದ ಮೇಲೂ ಶಿವಮಲ್ಲುವಿನ ಕೈಗಳು ಸುಮ್ಮನಿರಲಿಲ್ಲ. ಊಟದ ತಟ್ಟೆಯನ್ನೇ ಹಿಡಿದು ತಿರುಗಿಸುತ್ತಿದ್ದ. ಇನ್ನೊಂದು ಸಲ ಸ್ಟೇರಿಂಗ್ ಹಿಡಿಯದೆ ಸತ್ತುಬಿಡುತ್ತೇನೇನೋ ಎಂಬ ದಿಗಿಲು ಅವನಿಗೆ ನಿಜವಾಗಿಯೂ ಹತ್ತಿತ್ತು. ಸಣ್ಣಮ್ಮ ನೋಡಿದಳು, ನೋಡಿದಳು, ಕೊನೆಗೆ ಅವನನ್ನು ಬಸ್ಸು ಹತ್ತಿಸಿಕೊಂಡು ಚಾಮರಾಜನಗರಕ್ಕೇ ಹೊರಟಳು.

ಅವರ ಕೈಲಿದ್ದ ದುಡ್ಡಿಗೆ ತಕ್ಕ ಹಾಗೆ ಪ್ರಸಾದ್ ಕಂಪ್ಯೂಟರಿನ ಸಾಮಾನು ಆರಿಸತೊಡಗಿದ. ಡಬ್ಬದಂಥ ಹಳೇ ಮಾನಿಟರ್ ಸಾಕು. ಪ್ರೊಸೆಸರ್ ಅಗ್ಗದ್ದಾದರೂ ನಡೆದೀತು, ರ‍್ಯಾಮ್ ಕಮ್ಮಿಯಾದರೂ ಆದೀತು. ಎಷ್ಟು ಹಿಂಡಿದರೂ ಕೊನೆಗೆ ಒಂದು ತೊಡಕು ಉಳಿಯಿತು. ಸ್ಟೇರಿಂಗ್ ತಂದರೆ ಗ್ರಾಫಿಕ್ಸ್ ಕಾರ್ಡಿಗೆ ದುಡ್ಡಿಲ್ಲ, ಕಾರ್ಡ್ ತಂದರೆ ಸ್ಟೇರಿಂಗಿಗಿಲ್ಲ.

"ಕಾರ್ಡ್ ಬಿಡನ ಮಾವ. ಬೆಟ್ಟ, ರೋಡು ಎಲ್ಲ ಸ್ವಲ್ಪ ತಡವರಿಸ್ಕಂಡು ಬತ್ತದೆ, ಅಷ್ಟೇ."

"ಅಷ್ಟೇನಾ? ತಿರುವು ಕಾಣೋದ್ರೊಳಗೆ ನಾನು ಕಮರೀಲಿರ್ತೀನಿ ಕಣ್ಲಾ!"

"ಅಂಗಾದ್ರೆ ಸ್ಟೇರಿಂಗ್ ಬಿಡನ."

ಶಿವಮಲ್ಲುವಿನ ಮುಖ ಚಿಕ್ಕದಾಯಿತು. ಸಣ್ಣಮ್ಮನಿಗೆ ತಡೆಯಲಾಗಲಿಲ್ಲ. ಮೂಲೆಯಲ್ಲಿ ನೀಲಿ ದೀಪ ಉರಿಸಿಕೊಂಡು ಮೆರೆಯುತ್ತಿದ್ದ ಕ್ಯಾಬಿನೆಟ್ಟಿನತ್ತ ಕೈ ತೋರಿದಳು.

"ಅದೇನು ಕೆಲ್ಸ ಮಾಡ್ತದೆ?"

"ಅದೇನೂ ಮಾಡಲ್ಲ ಅತ್ತೆ. ಎಲ್ಲ ಸಾಮಾನು ಅದ್ರೊಳಗೆ ಕೂರ್ತವೆ."

"ಬರೀ ಡಬ್ಬಕ್ಕಾ ಅಷ್ಟು ರೇಟು? ಅಯ್ಯೋ ನಿನ್ ಮನೆ ಕಾಯೋಗ! ನನ್ ಟ್ರಂಕೈತಲ್ಲ, ಅದ್ರೊಳಗೆ ಕೂರುಸು."

ಪ್ರಸಾದ್ ನಕ್ಕ. ಆಮೇಲೆ ತಲೆ ಕೆರೆದುಕೊಂಡ. ಕರೆಂಟು ಕೊಡುವ ಪೆಟ್ಟಿಗೆ ಅವನ ಬಳಿ ಹಳೆಯದೊಂದಿತ್ತು. ಗಾಳಿ ಆಡಲು ತೂತು ಕೊರೆದು, ಒಳಗೆ ಹಲಗೆ ಹಾಕಿದರೆ ಯಾಕಾಗಬಾರದು? ಡಬ್ಬದ ದುಡ್ಡು ಉಳಿದರೆ ಸ್ಟೇರಿಂಗು, ಕಾರ್ಡು ಎರಡೂ ಬಂದಾವು.

ಅದು ಸಣ್ಣಮ್ಮ ತವರಿನಿಂದ ತಂದ ಟ್ರಂಕು. ಧಾರೆ ಸೀರೆ, ಅವ್ವನ ಕೈಬಳೆ ಎಲ್ಲ ಅದರಲ್ಲೇ ಇದ್ದವು. ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಈಗ ಅವಳೇ ಎಲ್ಲವನ್ನೂ ತೆಗೆದು ಬಟ್ಟೆಯಲ್ಲಿ ಗಂಟು ಕಟ್ಟಿಟ್ಟಳು. ವೆಲ್ಡಿಂಗಿನ ಪುಟ್ಟಮಾದು ತೂತು ಕೊರೆಯುವಾಗ ಮಾತ್ರ ಹಿತ್ತಿಲಿಗೆ ಹೋಗಿ ನಿಂತಿದ್ದಳು.

ಮುಂದಿನ ಭಾನುವಾರ ಪ್ರಸಾದ್ ಬಂದು ಎಲ್ಲ ಜೋಡಿಸಿದ. ಟ್ರಂಕಿಗೆ ಅರಿಸಿನ ಕುಂಕುಮವಾಯಿತು. ಶಿವಮಲ್ಲು ಸ್ಟೇರಿಂಗಿಗೆ ಕೈಮುಗಿದು ಕುರ್ಚಿಯಲ್ಲಿ ಕೂತ. ಕೂತವನು ಎಡಗಾಲಿನಲ್ಲಿ ನೆಲ ತಡಕತೊಡಗಿದ.

"ಕ್ಲಚ್ ಎಲ್ಲಿಟ್ಟಿದ್ದೀಯ್ಲಾ?"

"ಇದ್ರಲ್ಲಿ ಕ್ಲಚ್ಚೇ ಇಲ್ಲ ಮಾವ. ಬ್ರೇಕು, ಎಕ್ಸಲೇಟ್ರು, ಎರಡೇ. ಬಲಗಾಲೊಂದೇ ಸಾಕು."

ಶಿವಮಲ್ಲು ತನ್ನ ಎಡಮಂಡಿಯನ್ನೊಮ್ಮೆ ನೋಡಿಕೊಂಡ. ಕಣ್ಣು ತುಂಬಿ ಬಂತು, ಅದರ ಹಿಂದೆಯೇ ನಗುವೂ ಬಂತು.

ಗಾಡಿ ಹೊರಟಿತು. ಉಳಿದ ಕಾರುಗಳೆಲ್ಲ ಸುಯ್ಯೆಂದು ಮುಂದೆ ಹೋದವು. ಇವನು ಮಾತ್ರ ಬೆಟ್ಟದ ತಿರುವಿನಲ್ಲಿ ಲೋಡ್ ಗಾಡಿಯಂತೆಯೇ ನಿಧಾನವಾಗಿ ಇಳಿಸುತ್ತಿದ್ದ.

"ಒತ್ತು ಮಾವ, ಇದು ರೇಸು!"

"ಓಗ್ಲಿ ಬುಡ್ಲಾ. ಅವ್ರಿಗೇನೋ ಅರ್ಜೆಂಟು."

ಸ್ವಲ್ಪ ದೂರ ಹೋಗಿ ಗಾಡಿಯನ್ನು ರಸ್ತೆ ಬದಿಗೆ ಹಾಕಿ ನಿಲ್ಲಿಸಿದ. ಏನು ಕೆಟ್ಟಿತೋ ಎಂದು ಪ್ರಸಾದ್ ಗಾಬರಿಯಾದ. ಶಿವಮಲ್ಲು ಸ್ಟೂಲೊಂದನ್ನು ಎಳೆದು ತನ್ನ ಎಡಗಡೆಗಿಟ್ಟುಕೊಂಡು, ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು ಕೂಗಿದ.

"ಬಾ ಕಣಮ್ಮಿ, ಅತ್ತು. ಘಾಟಿಗೆ ಓಗನ."

ಸಣ್ಣಮ್ಮ ಸೆರಗಿಗೆ ಕೈ ಒರೆಸಿಕೊಂಡಳು. "ಲೋಡ್ ಗಾಡಿಗೆ ಎಂಗಸ್ರನ್ನ ಅತ್ತುಸ್ಕಂಡ್ರೆ ಓನರ್ ಬಯ್ಯಕಿಲ್ವಾ?"

"ಟ್ರಂಕು ಯಾರ್ದು? ಓನರ್ ನೀನೇ ಕಣಮ್ಮಿ," ಎಂದ ಶಿವಮಲ್ಲು.

ಅವಳು ಬಂದು ಕೂರುವವರೆಗೂ ಅವನು ಗಾಡಿ ತೆಗೆಯಲಿಲ್ಲ.