ಬೈಕಿಗೆ ಮಳೆಗಾಲದ ರಜೆ

ನನ್ನ ಗಂಡ ಕಳಸದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ ಹಾಕುವುದು, ತೋಟ ಸುತ್ತುವುದು ಅವರ ಕೆಲಸ. ತೊಂಬತ್ತರ ದಶಕದ ಕೊನೆಯಲ್ಲಿ ಅವರು ಒಂದು ಹಳೆಯ ಬೈಕು ಕೊಂಡಿದ್ದರು. ಮಳೆ ಹಿಡಿದರೆ ನಮ್ಮ ಮಣ್ಣಿನ ಏರಿನಲ್ಲಿ ಅದು ಹತ್ತುತ್ತಿರಲಿಲ್ಲ. ಹಾಗಾಗಿ ಮಳೆಗಾಲ ಪೂರ್ತಿ ಅದನ್ನು ಖಾಲಿ ಕಾಫಿ ಗೋಡೌನಿನಲ್ಲಿ ನಿಲ್ಲಿಸಿಡುತ್ತಿದ್ದರು. ಒಂದು ವರ್ಷ ಹಾಗೆ ಇಡುವ ಮೊದಲೇ ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿ ಬಲಗಾಲು ಮುರಿದುಕೊಂಡರು.

ಗೋಡೌನಿನ ಬಾಗಿಲಲ್ಲಿ ಕುರ್ಚಿ ಹಾಕಿ, ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಅವರು ಹೇಳಿದರು, “ಈ ಸಲ ಬೈಕಿನ ಕೆಲ್ಸ ನೀನೇ ಮಾಡ್ಬೇಕಲ್ಲ ಮಾರಾಯ್ತಿ.”

ಸೀರೆ ಎತ್ತಿ ಕಟ್ಟಿ ಇಳಿದೆ. ಬೈಕು ತೊಳೆದು, ಬಿಸಿಲಿರುವಾಗಲೇ ಒಣಗಿಸಿದೆ. ಟ್ಯಾಂಕಿನೊಳಗೆ ತುಕ್ಕು ಹಿಡಿಯದಂತೆ ಬಾಯಿಯವರೆಗೆ ಪೆಟ್ರೋಲ್ ತುಂಬಿಸಿದೆ. ಕಾರ್ಬುರೇಟರಿನಲ್ಲಿ ಮಾತ್ರ ಒಂದು ಹನಿಯೂ ಉಳಿಯಬಾರದಂತೆ. ಪೆಟ್ರೋಲ್ ಬಂದ್ ಮಾಡಿ ಇಂಜಿನ್ನು ತಾನಾಗಿ ನಿಲ್ಲುವವರೆಗೆ ಓಡಿಸಿದೆವು. ಆಮೇಲೆ ಪ್ಲಗ್ ಬಿಚ್ಚಿ ಇಂಜಿನ್ನಿನೊಳಗೆ ಒಂದು ಚಮಚ ಆಯಿಲ್ ಬಿಟ್ಟೆ. ಚೈನಿಗೆ ಗ್ರೀಸ್ ಸವರಿ, ಗಾಳಿಯಾಡಲಿ ಎಂದು ಗೋಣಿಚೀಲ ಹೊದಿಸಿದೆ. ಬ್ಯಾಟರಿ ಬಿಚ್ಚಿ ಮನೆಗೆ ತಂದಾಗ ಅತ್ತೆ ಮೂಗು ಮುರಿದರು.

“ಬೈಕಿಗೆ ಇಷ್ಟು ಬಾಣಂತನವಾ? ನಂಗೇ ಯಾರೂ ಇಷ್ಟು ಮಾಡ್ಲಿಲ್ಲ!”

ಆದರೂ ವಾರಕ್ಕೊಮ್ಮೆ ನಾನು ಗೋಡೌನಿಗೆ ಹೊರಟರೆ ಅತ್ತೆಯೂ ಕೊಡೆ ಹಿಡಿದು ಹಿಂದೆಯೇ ಬರುತ್ತಿದ್ದರು. ನಾನು ಸೀಟಿನ ಬೂಷ್ಟು ಒರೆಸಿ, ಹಿಡಿದುಕೊಳ್ಳದಂತೆ ಹಿಂದಿನ ಚಕ್ರ ತಿರುಗಿಸುವಾಗ, ಅವರು ಕನ್ನಡಿ ಒರೆಸಿ ಅದರಲ್ಲೇ ಕುಂಕುಮ ಸರಿಮಾಡಿಕೊಳ್ಳುತ್ತಿದ್ದರು.

ಮಳೆ ಬಿಟ್ಟಿತು. ಗಂಡನ ಕಾಲಿಗೆ ಕಿಕ್ ಹೊಡೆಯುವಷ್ಟು ಬಲ ಇನ್ನೂ ಬಂದಿರಲಿಲ್ಲ. ಬ್ಯಾಟರಿ ಕೂರಿಸಿ ನಾನೇ ಕಿಕ್ ಹೊಡೆದೆ. ಏನೂ ಆಗಲಿಲ್ಲ. ಇನ್ನೊಂದು, ಮತ್ತೊಂದು. ಬೆವರು ಸುರಿಯಿತು. ಆಮೇಲೆ ಒಮ್ಮೆಲೇ ಗುಡುಗಿದ ಹಾಗೆ ಇಂಜಿನ್ ಎದ್ದಿತು. ನಾನು ಬಿಟ್ಟಿದ್ದ ಆಯಿಲ್ ಸುಟ್ಟು ಗೋಡೌನಿನ ತುಂಬ ಬಿಳಿ ಹೊಗೆ. ಅತ್ತೆ ಬಿಂದಿಗೆ ನೀರು ಹೊತ್ತು ಓಡಿಬಂದರು.

“ಬೆಂಕಿ ಅಲ್ಲಮ್ಮಾ, ಸುರೀಬೇಡ!” ಗಂಡ ಕೂಗಿದರು. ಅಷ್ಟರಲ್ಲಿ ಅರ್ಧ ಬಿಂದಿಗೆ ನನ್ನ ಮೇಲಿತ್ತು. ಮೂವರೂ ಕೆಮ್ಮುತ್ತಾ, ನಗುತ್ತಾ ಹೊರಗೆ ಬಂದೆವು.

ಹೊರಗೆ ಕಾಫಿ ಒಣಗಿಸುವ ಸಿಮೆಂಟಿನ ಕಣ ಖಾಲಿ ಬಿದ್ದಿತ್ತು. ಗಂಡ ಅದನ್ನೊಮ್ಮೆ ನೋಡಿ ಕೇಳಿದರು, “ಓಡಿಸ್ತೀಯಾ?”

“ಬಿದ್ರೆ?”

“ಸೈಕಲ್ ಬರ್ತದಲ್ಲ ನಿಂಗೆ. ಕ್ಲಚ್ ನಿಧಾನ ಬಿಟ್ರಾಯ್ತು.”

ಚೂಡಿದಾರ್ ಹಾಕಿಕೊಂಡು ಬಂದೆ. ಮೊದಲು ಬೈಕು ಕಪ್ಪೆಯ ಹಾಗೆ ಜಿಗಿದು ನಿಂತಿತು. ಆಮೇಲೆ ಉರುಳಿತು. ಕಣದ ಸುತ್ತ ಗಾಳಿ ಸೀಳಿಕೊಂಡು ಹೋಗುವಾಗ ನಾನು ಸುಮ್ಮನೆ ಜೋರಾಗಿ ಕಿರುಚಿದ್ದು ಈಗಲೂ ನೆನಪಿದೆ. ಸಂತೋಷಕ್ಕೆ, ಮತ್ತೇನಕ್ಕೂ ಅಲ್ಲ.

ಒಂದು ವಾರ ದಿನವೂ ಅಭ್ಯಾಸ ನಡೆಯಿತು. ಒಂದು ಬೆಳಿಗ್ಗೆ ಅತ್ತೆ ಮದುವೆಮನೆಗೆ ಉಡುವ ಸೀರೆ ಉಟ್ಟು ಕಣಕ್ಕೆ ಬಂದರು.

“ನಂಗೂ ಒಂದು ಸುತ್ತು ಹಾಕ್ಸೆ.”

“ಹೆದ್ರಿಕೆ ಆಗಲ್ವಾ ಅತ್ತೆ?”

“ಓಡ್ಸೋದು ನೀನು. ಹೆದ್ರಿಕೆ ನಂಗ್ಯಾಕೆ?”

ಒಂದು ಸುತ್ತು ಐದಾಯಿತು. ಮರುದಿನ ಅವರನ್ನು ಕೂರಿಸಿಕೊಂಡು ಕಳಸದ ಪೇಟೆಗೇ ಹೋದೆ. ತರಕಾರಿ ಅಂಗಡಿಯ ಮುಂದೆ ಇಳಿದ ಅತ್ತೆ, ಯಾರೂ ಕೇಳದಿದ್ದರೂ, “ನನ್ನ ಸೊಸೆ ಕರ್ಕೊಂಡು ಬಂದ್ಲು” ಎಂದು ಎಲ್ಲರಿಗೂ ಹೇಳಿದರು.