ಕಿಡಿಯದಲ್ಲದ ಕಲೆ

೧೯೯೬ರಲ್ಲಿ ನಾನು ಶಾಲೆ ಬಿಟ್ಟೆ. ಎಂಟನೆಯ ಇಯತ್ತೆ ಅರ್ಧಕ್ಕೇ ನಿಂತಿತು. ನೇಸರಗಿಯಲ್ಲಿ ಒಬ್ಬ ಮಿಸ್ತ್ರಿಯ ಹತ್ತಿರ ವೆಲ್ಡಿಂಗ್ ಕಲಿತು, ಬೈಲಹೊಂಗಲದಲ್ಲಿ ಸ್ವಂತ ಶೆಡ್ಡು ಹಾಕಿದೆ. ಕಿತ್ತೂರಿನಿಂದ ಸವದತ್ತಿಯವರೆಗೆ ಕಬ್ಬು ಹೊರುವ ಎಷ್ಟೋ ಟ್ರೇಲರುಗಳಲ್ಲಿ ನನ್ನ ಕೈಯ ಬೆಸುಗೆಯಿದೆ. ಬೇರೆ ಕಡೆ ಮುರಿದೀತು, ನಾನು ಬೆಸೆದಲ್ಲಿ ಬಿಡುವುದಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಈ ಕೆಲಸದವನ ಮೈಯೇ ಬೇರೆ. ಕಿಡಿ ಬಿದ್ದು ಎದೆ, ಹೊಟ್ಟೆ, ಮುಂಗೈ ತುಂಬ ಕಪ್ಪು ಕಲೆ. ಅಂಗಿ, ಬನೀನು ತುಂಬ ತೂತು. ಅವನ್ನು ಒಗೆದು ಹೊಲಿಯುವವಳು ನನ್ನ ಹೆಂಡತಿ. ಇವರಿಗೆ ಬನೀನು ಯಾಕೆ, ಹಿಟ್ಟು ಸೋಸುವ ಒಂದು ಸಾಣಿಗೆ ಕೊಡಿಸಿದರೆ ಸಾಕು ಎಂದು ಗಿರಾಕಿಗಳ ಮುಂದೆಯೇ ಆಡಿಕೊಳ್ಳುತ್ತಾಳೆ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಮುರಗೋಡದ ಕಡೆ ಒಬ್ಬ ರೈತನ ಟ್ರೇಲರು ಮುರಿದು ಹೊಲದಲ್ಲೇ ಕೂತಿತ್ತು. ಮಷೀನು, ಜನರೇಟರು ಹೇರಿಕೊಂಡು ಹೋದೆ. ಬದುವಿನ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಅದರಲ್ಲೇ ಬೆನ್ನು ಹಚ್ಚಿ, ಟ್ರೇಲರಿನ ಕೆಳಗೆ ಸರಿದು, ಸಂಜೆಯೊಳಗೆ ಕೆಲಸ ಮುಗಿಸಿದೆ. ಬೇರೆಯವನಾಗಿದ್ದರೆ ಊರಿಗೆ ಎಳೆದು ತನ್ನಿ ಎನ್ನುತ್ತಿದ್ದ.

ವಾರದ ಮೇಲೆ ಚಳಿ ಹಿಡಿದು ಜ್ವರ ಬಂತು. ತಲೆ ಸಿಡಿಯುತ್ತಿತ್ತು, ಕಣ್ಣು ಕೆಂಡವಾಗಿದ್ದವು. ವೆಲ್ಡಿಂಗಿನ ಬೆಳಕು ಹೊಡೆದರೆ ಹೀಗೇ ಆಗುತ್ತದೆಂದು ಕಣ್ಣಿನ ಮೇಲೆ ಆಲೂಗಡ್ಡೆ ಹೋಳು ಇಟ್ಟುಕೊಂಡೆ. ಮೈಕೈ ನೋವಿಗೆ ಕಬ್ಬಿಣ ಎತ್ತಿದ್ದೇ ಕಾರಣ ಎಂದುಕೊಂಡೆ. ಗುಳಿಗೆ ನುಂಗಿ ಶೆಡ್ಡಿಗೂ ಹೋದೆ. ಗುಳಿಗೆಯ ಜೋರು ಇಳಿದೊಡನೆ ಜ್ವರ ಮತ್ತೆ ಏರುತ್ತಿತ್ತು. ಒಂದು ಮಧ್ಯಾಹ್ನ ವೆಲ್ಡಿಂಗ್ ಮಾಡುತ್ತಿದ್ದಾಗಲೇ ಕೈ ಸೋತಿತು, ಉಸಿರು ಮೇಲೆ ಮೇಲೆ ಬರತೊಡಗಿತು. ಹೆಂಡತಿ ರಿಕ್ಷಾ ಕರೆಸಿ ದವಾಖಾನೆಗೆ ಒಯ್ದಳು.

ರಕ್ತ ನೋಡಿದರೆ ಮಲೇರಿಯಾ ಇಲ್ಲ, ಡೆಂಗಿಯೂ ಇಲ್ಲ. ಅಲ್ಲಿಯ ಡಾಕ್ಟರು ಒಬ್ಬ ಹೆಣ್ಣುಮಗಳು. ಲಿವರಿಗೆ, ಶ್ವಾಸಕೋಶಕ್ಕೆ ಏಟು ಬಿದ್ದಿದೆ, ಕಾರಣ ಬೇಗ ಸಿಗದಿದ್ದರೆ ಜೀವಕ್ಕೆ ಅಪಾಯ ಎಂದು ಅವರು ನನ್ನ ಹೆಂಡತಿಗೆ ಮುಚ್ಚುಮರೆಯಿಲ್ಲದೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, ಮೈಮೇಲೆ ಎಲ್ಲಾದರೂ ಕಪ್ಪು ಗಾಯವಿದೆಯೇ ಎಂದು ಕೇಳಿದರು. ಆ ಸಂಕಟದಲ್ಲೂ ನನಗೆ ನಗು ಬಂತು. ಅಂಗಿ ಎತ್ತಿದೆ.

"ಯಾವದ ಬೇಕ್ರಿ ಡಾಕ್ಟರ್ ಬಾಯಾರ? ಇವೆಲ್ಲಾ ಕಿಡಿ ಸುಟ್ಟದ್ದು."

ಅವರು ಒಂದೊಂದನ್ನೇ ನೋಡುತ್ತ ಬಂದರು. ಉಡದಾರದ ಮಗ್ಗಲಿಗೆ ಹೊಸದೊಂದಿತ್ತು. ಕಪ್ಪು ಹಕ್ಕಳೆ, ಸುತ್ತ ಕೆಂಪು. ಅದೂ ಕಿಡಿಯದೇ ಎಂದೆ. ಕಾಲಕಡೆ ನಿಂತಿದ್ದ ಹೆಂಡತಿ ಬಗ್ಗಿ ನೋಡಿದಳು.

"ಅದು ಕಿಡಿದಲ್ರಿ," ಎಂದಳು. "ಕಿಡಿ ಬಿದ್ರ ಮೊದಲ ಬನೀನ ಸುಡತೈತಿ. ಅಲ್ಲಿ ಯಾವ ಬನೀನಕ್ಕೂ ತೂತ ಬಿದ್ದಿಲ್ಲ. ಒಗ್ಯಾಕಿ ನಾನ, ನನಗ ಗೊತ್ತೈತಿ."

"ನಿನ್ನ ಬನೀನದ ಪುರಾಣ ಇಲ್ಲ್ಯಾಕ," ಎಂದೆ.

ಡಾಕ್ಟರು ಹಕ್ಕಳೆಯನ್ನು ಮೆಲ್ಲಗೆ ಒತ್ತಿದರು. ಒಂಚೂರೂ ನೋಯಲಿಲ್ಲ. ಇತ್ತೀಚೆಗೆ ಹುಲ್ಲಿನಲ್ಲಿ ಮಲಗಿದ್ದಿರಾ ಎಂದು ಕೇಳಿದರು.

"ಹಗಲೊತ್ತ ಮಲಗೋ ಮನಷ್ಯಾ ಅಲ್ರಿ ನಾ. ಹುಲ್ಲಾಗ ಬೆನ್ನ ಹಚ್ಚಿ ಟ್ರೇಲರ ಕೆಳಗ ಕೆಲಸಾ ಮಾಡಾಕತ್ತಿದ್ನಿ."

ಅವರಿಗೆ ಅಷ್ಟು ಸಾಕಾಯಿತು. ಅದು ಹುಲ್ಲಿನಲ್ಲಿರುವ, ಕಣ್ಣಿಗೆ ಬೀಳದಷ್ಟು ಸಣ್ಣ ನುಸಿ ಕಚ್ಚಿದ ಗುರುತು, ಅದರಿಂದ ಬರುವ ಜ್ವರಕ್ಕೆ ಸ್ಕ್ರಬ್ ಟೈಫಸ್ ಎನ್ನುತ್ತಾರೆ ಎಂದರು. ಮತ್ತೆ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು, ಆದರೆ ಅದರ ದಾರಿ ಕಾಯದೆ ಔಷಧ ಶುರು ಮಾಡಿದರು. ಎರಡನೆಯ ದಿನ ಜ್ವರ ಬಿಟ್ಟಿತು, ನಾನು ರೊಟ್ಟಿ ಕೇಳಿದೆ. ಪರೀಕ್ಷೆಯಲ್ಲೂ ಅದೇ ಬಂತು.

ಕಬ್ಬಿನ ಹಂಗಾಮಿಗೆ ಒಪ್ಪಿಕೊಂಡ ಟ್ರೇಲರುಗಳನ್ನೆಲ್ಲ ಹೇಳಿದ ಹೊತ್ತಿಗೇ ಕೊಟ್ಟೆ. ನನ್ನ ಬೆಸುಗೆಯನ್ನು ಯಾರಾದರೂ ಹೊಗಳಿದರೆ, ನಮ್ಮ ಮನೆಯಾಕೆಯ ಕಣ್ಣು ನೋಡಬೇಕಿತ್ತು ನೀವು ಎನ್ನುತ್ತೇನೆ. ಹೊಲದ ಕೆಲಸಕ್ಕೆ ಹೋದರೆ ಈಗ ಹುಲ್ಲಿನ ಮೇಲೆ ತಾಡಪತ್ರಿ ಹಾಸುತ್ತೇನೆ, ಮನೆಗೆ ಬಂದೊಡನೆ ಜಳಕ ಮಾಡುತ್ತೇನೆ. ಅವಳು ಬನೀನನ್ನು ಬೆಳಕಿಗೆ ಹಿಡಿದು ನೋಡಿಯೇ ಒಗೆಯುತ್ತಾಳೆ.

ಇವತ್ತು ನನ್ನ ಹತ್ತಿರ ಸ್ವಂತದ ಒಂದು ಶೆಡ್ಡು, ಎರಡು ವೆಲ್ಡಿಂಗ್ ಮಷೀನು, ಒಂದು ಗ್ಯಾಸ್ ಕಟರ್, ಒಂದು ಜನರೇಟರು, ಒಂದು ತಾಡಪತ್ರಿ ಇವೆ. ಮೈಮೇಲೆ ಕಿಡಿಯ ಕಲೆ ಬಹಳ. ಕಿಡಿಯದಲ್ಲದ್ದು ಒಂದು.